ಶ್ರೀಮತಿಯ ಚಿತ್ರಪಟ ಮತ್ತು ಸ್ಮರಣಾಭಾಸ

ಪಂಪನ ಆದಿಪುರಾಣದ ಮೇಲೆ ಕನ್ನಡದಲ್ಲಿ ಬಂದಿರುವ ವಿಮರ್ಶೆ ಬಹುಮಟ್ಟಿಗೆ ನೀಲಾಂಜನೆಯ ನೃತ್ಯ, ಭರತ-ಬಾಹುಬಲಿಗಳ ಯುದ್ಧ, ಧೂಪದ ಹೊಗೆಯಲ್ಲಿ ಉಸಿರುಕಟ್ಟಿ ಒಟ್ಟಿಗೆ ಪ್ರಾಣಬಿಟ್ಟ ವಜ್ರಜಂಘ-ಶ್ರೀಮತಿಯರ ಅವಸಾನ ಈ ಮೂರು ಸನ್ನಿವೇಶಗಳ ಬಳಿಯೇ ನಿಂತಿದೆ. ಅದೇ ಶ್ರೀಮತಿಯ ಕಥೆಯ ಪೂರ್ವಾರ್ಧದಲ್ಲಿ ಬರುವ ಚಿತ್ರಪಟದ ಪ್ರಸಂಗವನ್ನು ರಸಿಕರು ಶೃಂಗಾರದ ಪೀಠಿಕೆಯೆಂದು ಓದಿ ಮುಂದೆ ಸಾಗುತ್ತಾರೆ. ದಾವಣಗೆರೆ, ಹರಿಹರದಂಥ ಊರುಗಳ ನಮ್ಮ ಮನೆಗಳಿಗೆ ಈ ಕಥೆ ಗ್ರಂಥದಿಂದ ಬಂದುದಕ್ಕಿಂತ ಪ್ರವಚನದಿಂದ ಬಂದುದೇ ಹೆಚ್ಚು. ಪ್ರವಚನದಲ್ಲಿ ಮೂರ್ಛೆ ಉಳಿಯುತ್ತದೆ, ಪರೀಕ್ಷೆ ಬಿಟ್ಟುಹೋಗುತ್ತದೆ. ಈ ಲೇಖನದ ತಕರಾರು ಇರುವುದು ಅಲ್ಲಿಯೇ.

ಕಥಾಸಾರವನ್ನು ವಾಚಕರು ಬಲ್ಲರು. ಈಶಾನ ಕಲ್ಪದಲ್ಲಿ ಲಲಿತಾಂಗದೇವನ ಪ್ರಿಯೆಯಾಗಿದ್ದ ಸ್ವಯಂಪ್ರಭೆ ಪುಂಡರೀಕಿಣಿಯಲ್ಲಿ ವಜ್ರದಂತ ಚಕ್ರವರ್ತಿಯ ಮಗಳು ಶ್ರೀಮತಿಯಾಗಿ ಹುಟ್ಟುತ್ತಾಳೆ. ಕೇವಲಜ್ಞಾನದ ಪೂಜೆಗೆಂದು ಆಕಾಶದಲ್ಲಿ ಹೋಗುತ್ತಿದ್ದ ದೇವತೆಗಳನ್ನು ಕಂಡು ಅವಳಿಗೆ ಜಾತಿಸ್ಮರಣೆಯಾಗುತ್ತದೆ, ಮೂರ್ಛೆ ಹೋಗುತ್ತಾಳೆ. ತನ್ನ ಹಿಂದಿನ ಭವವನ್ನು ಪಟದಲ್ಲಿ ಬರೆದು ಪಂಡಿತೆಯ ಕೈಗೆ ಕೊಡುತ್ತಾಳೆ. ಪಂಡಿತೆ ಆ ಪಟವನ್ನು ಜಿನಾಲಯದಲ್ಲಿ ಹರಡಿ ಕುಳಿತು ಬಂದವರ ಮುಖವನ್ನು ನೋಡುತ್ತಾಳೆ. ಪಂಪನು ಅನುಸರಿಸಿದ ಜಿನಸೇನಾಚಾರ್ಯರ ಮಹಾಪುರಾಣದಲ್ಲಿ ಇಲ್ಲೊಂದು ಸ್ವಾರಸ್ಯವಿದೆ. ಶ್ರೀಮತಿ ಪಟದಲ್ಲಿ ಕೆಲವು ಸಂಗತಿಗಳನ್ನು ಬೇಕೆಂದೇ ಗೂಢವಾಗಿ ಬರೆದಿದ್ದಾಳೆ. ಇಬ್ಬರು ಕಪಟಿಗಳು ಬಂದು ಪಟವನ್ನು ನೋಡಿ ಮೂರ್ಛೆ ಬಂದವರಂತೆ ನಟಿಸುತ್ತಾರೆ; ತಮಗೂ ಪೂರ್ವಭವ ನೆನಪಾಯಿತೆನ್ನುತ್ತಾರೆ. ಪಂಡಿತೆ ಗೂಢಾರ್ಥವನ್ನು ಕೇಳಿದಾಗ ಉತ್ತರ ತೋಚದೆ ನಾಚಿ ಹೊರಟುಹೋಗುತ್ತಾರೆ. ಆಮೇಲೆ ಬಂದವನು ವಜ್ರಜಂಘ.

ಮೂರ್ಛೆಗೆ ಬೆಲೆಯಿಲ್ಲವೆಂಬುದನ್ನು ಕಥೆಯೇ ಹೀಗೆ ತೋರಿಸಿಬಿಟ್ಟಿದೆ. ಕಪಟಿಯೂ ಮೂರ್ಛೆ ಹೋಗುತ್ತಾನೆ, ನಿಜವಾದ ನಲ್ಲನೂ ಮೂರ್ಛೆ ಹೋಗುತ್ತಾನೆ. ಇಬ್ಬರನ್ನೂ ಬೇರ್ಪಡಿಸುವುದು ಪ್ರಶ್ನೆಯೊಂದೇ. ನೆನಪಿನೊಡನೆ ಬರುವ ಕಣ್ಣೀರನ್ನೂ ಗದ್ಗದವನ್ನೂ ನೆನಪಿನ ಸತ್ಯಕ್ಕೆ ಪ್ರಮಾಣವೆಂದು ತಿಳಿಯುವ ನಮ್ಮ ಅಭ್ಯಾಸಕ್ಕೆ ಇಷ್ಟು ಹಳೆಯ ಪ್ರತ್ಯುತ್ತರ ನಮ್ಮ ಮನೆಯಲ್ಲಿಯೇ ಇದೆ.

ಆದರೂ ಪ್ರಸಂಗಕ್ಕೆ ಒಂದು ಕೊರತೆಯಿದೆ. ಇದರಲ್ಲಿ ಬರುವವರು ಎರಡೇ ಬಗೆಯವರು: ನೆನಪಿರುವವನು ಮತ್ತು ನೆನಪಿದೆಯೆಂದು ಸುಳ್ಳು ಹೇಳುವವನು. ನಡೆಯದುದನ್ನು ನಡೆದಂತೆ ಮನಃಪೂರ್ವಕವಾಗಿ ನಂಬಿರುವ ಮೂರನೆಯವನು ಇಲ್ಲಿಲ್ಲ. ಕಳೆದ ಅರ್ಧ ಶತಮಾನದ ಮನಶ್ಶಾಸ್ತ್ರ ಬಹಳವಾಗಿ ಚರ್ಚಿಸಿರುವುದು ಈ ಮೂರನೆಯವನನ್ನು.

ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದುದು. 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರವನ್ನು ತೋರಿಸಿದರು. 50 ಮಂದಿಗೆ ಕಾರುಗಳು ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತೆಂದೂ, ಇನ್ನು 50 ಮಂದಿಗೆ ‘ತಾಗಿದಾಗ’ ಎಷ್ಟಿತ್ತೆಂದೂ ಕೇಳಿದರು. ಉಳಿದವರಿಗೆ ವೇಗದ ಪ್ರಶ್ನೆಯನ್ನೇ ಕೇಳಲಿಲ್ಲ. ಒಂದು ವಾರದ ಮೇಲೆ ಎಲ್ಲರನ್ನೂ ಕರೆದು ಒಡೆದ ಗಾಜನ್ನು ನೋಡಿದಿರಾ ಎಂದು ವಿಚಾರಿಸಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ‘ಅಪ್ಪಳಿಸಿದ’ ಗುಂಪಿನಲ್ಲಿ 16 ಮಂದಿ ಕಂಡೆವೆಂದರು. ‘ತಾಗಿದ’ ಗುಂಪಿನಲ್ಲಿ 7 ಮಂದಿ. ಒಂದೇ ಒಂದು ಕ್ರಿಯಾಪದ ಗಾಜನ್ನು ಒಡೆಯಿತು. 1995ರಲ್ಲಿ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ 24 ಮಂದಿಗೆ ಅವರ ಬಂಧುಗಳಿಂದ ಸಂಗ್ರಹಿಸಿದ ಮೂರು ನಿಜವಾದ ಬಾಲ್ಯದ ಘಟನೆಗಳೊಡನೆ, ಶಾಪಿಂಗ್ ಮಾಲ್‌ನಲ್ಲಿ ತಪ್ಪಿಸಿಕೊಂಡಿರೆಂಬ ಒಂದು ಕಲ್ಪಿತ ಘಟನೆಯನ್ನೂ ಓದಲು ಕೊಟ್ಟರು. ಕೊನೆಯ ಸಂದರ್ಶನದ ವೇಳೆಗೆ 6 ಮಂದಿ ಅದನ್ನು ಪೂರ್ಣವಾಗಿಯೋ ಭಾಗಶಃವಾಗಿಯೋ ನೆನಪಿಸಿಕೊಂಡಿದ್ದರು. ಉಳಿದ 18 ಮಂದಿ ಸೂಚನೆಗೆ ಒಳಗಾಗಲಿಲ್ಲವೆಂಬುದನ್ನೂ ಮರೆಯಬಾರದು. ನೆನಪೆಲ್ಲ ಸುಳ್ಳೆಂದು ಯಾವ ವಿಜ್ಞಾನಿಯೂ ಹೇಳಿಲ್ಲ. ಶ್ರೀಮತಿಯ ಪಟಕ್ಕೆ ಇನ್ನೂ ಹತ್ತಿರವಾದುದು 2002ರಲ್ಲಿ ನ್ಯೂಜಿಲೆಂಡಿನ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು ನಡೆಸಿದ್ದು. 20 ಮಂದಿಗೆ ಅವರ ಬಾಲ್ಯದ ಛಾಯಾಚಿತ್ರಗಳ ನಡುವೆ, ಅವರು ಬಿಸಿಗಾಳಿಯ ಬಲೂನಿನಲ್ಲಿ ಕುಳಿತಂತೆ ತಿದ್ದಿದ ಒಂದು ಚಿತ್ರವನ್ನು ಸೇರಿಸಿ ತೋರಿಸಿದರು. ಬಲೂನು ಹತ್ತದವರಲ್ಲಿ ಅರ್ಧದಷ್ಟು ಜನ ಆ ಪ್ರಯಾಣವನ್ನು ನೆನಪಿಸಿಕೊಂಡು ವಿವರಿಸಿದರು. ಚಿತ್ರ ನೆನಪನ್ನು ಎಬ್ಬಿಸುತ್ತದೆ, ನಿಜ. ಇಲ್ಲದ ನೆನಪನ್ನು ಹುಟ್ಟಿಸಲೂಬಲ್ಲುದು.

ಕಾವ್ಯದಲ್ಲಿಲ್ಲದ ಈ ಮೂರನೆಯವನು ನಮ್ಮ ನ್ಯಾಯಶಾಸ್ತ್ರದಲ್ಲಿ ಇದ್ದಾನೆಂಬುದು ಹಲವರಿಗೆ ಆಶ್ಚರ್ಯವಾದೀತು. ನೈಯಾಯಿಕರು, ಮೀಮಾಂಸಕರು ಸ್ಮೃತಿಯನ್ನು ಪ್ರಮಾಣವೆಂದು ಒಪ್ಪಲಿಲ್ಲ. ಅಕಲಂಕರ ಪರಂಪರೆ ಅದನ್ನು ಪರೋಕ್ಷಪ್ರಮಾಣಗಳಲ್ಲಿ ಸೇರಿಸಿತು. ಸೇರಿಸಿದ ಮೇಲೆ ಅದು ಕೆಡುವ ಬಗೆಯನ್ನೂ ಹೇಳಬೇಕಾಯಿತು. ಮಾಣಿಕ್ಯನಂದಿಗಳ ಪರೀಕ್ಷಾಮುಖದ ಆರನೆಯ ಪರಿಚ್ಛೇದದಲ್ಲಿ ಅದಕ್ಕೆ ಸ್ಮರಣಾಭಾಸವೆಂದು ಹೆಸರಿದೆ. ಅಲ್ಲಿನ ಉದಾಹರಣೆ: ಕಂಡದ್ದು ಜಿನದತ್ತನನ್ನು, ನೆನಪಿನಲ್ಲಿ ಬಂದವನು ದೇವದತ್ತ. ಒಂದನ್ನು ಹೋಲುವ ಇನ್ನೊಂದನ್ನು ಅದೇ ಎಂದು ಗುರುತಿಸುವ ದೋಷಕ್ಕೆ ಅವಳಿಮಕ್ಕಳ ಉದಾಹರಣೆ ಬರುತ್ತದೆ. ಇಂದಿನ ನ್ಯಾಯಾಲಯಗಳು ಗುರುತು ಪತ್ತೆಯ ತಪ್ಪೆನ್ನುವುದು ಇದನ್ನೇ. ಇಲ್ಲಿ ವಂಚನೆಯ ಮಾತೇ ಬರುವುದಿಲ್ಲ. ಜ್ಞಾನದ ದೋಷವೆಂದಷ್ಟೇ ಲೆಕ್ಕ.

ಜಾತಿಸ್ಮರಣೆಯನ್ನು ಶಾಸ್ತ್ರಕಾರರು ಮತಿಜ್ಞಾನದ ಪ್ರಭೇದವೆಂದೇ ಎಣಿಸಿದ್ದಾರೆ. ಅವಧಿಜ್ಞಾನದ ಪ್ರತ್ಯಕ್ಷತೆಯನ್ನು ಅದಕ್ಕೆ ಕೊಟ್ಟಿಲ್ಲ. ಶ್ರೀಮತಿಗೆ ಅವಳ ಪೂರ್ವಭವವನ್ನು ತಂದೆ ವಜ್ರದಂತನು ಅವಧಿಜ್ಞಾನದಿಂದ ಹೇಳುವ ಭಾಗವನ್ನು ಅನವಶ್ಯಕ ವಿಸ್ತಾರವೆಂದು ಎಣಿಸುವವರು ಈ ಭೇದವನ್ನು ಗಮನಿಸಬೇಕು. ಮಗಳ ನೆನಪಿಗೆ ಬೇರೊಂದು ಮೂಲದ ಸಮರ್ಥನೆ ಬೇಕೆಂದು ಕವಿಗೆ ತೋರಿದೆ.

ಮಕ್ಕಳು ಹೇಳುವ ಪೂರ್ವಜನ್ಮದ ನೆನಪುಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರೀಚಾ ಅವರು ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್‌ಸನ್‌ರೊಡನೆ ವರ್ಷಗಟ್ಟಲೆ ಪರಿಶೀಲಿಸಿದರು; ಭಾರತದ ಪ್ರಕರಣಗಳ ಮೇಲಿನ ಅವರ ಗ್ರಂಥ 1990ರಲ್ಲಿ ಬಂದಿತು. ಆ ಪರಿಶ್ರಮವನ್ನು ಹಗುರವಾಗಿ ಕಾಣಲಾಗದು. ಆದರೆ ಎರಡು ಕುಟುಂಬಗಳು ಸೇರುವ ಮೊದಲೇ ಮಗುವಿನ ಮಾತನ್ನು ಬರೆದಿಟ್ಟ ಪ್ರಕರಣಗಳು ವಿರಳ. ಸೇರಿದ ಮೇಲೆ ಅಜ್ಜಿ ಹೇಳಿದ್ದು ಯಾವುದು, ಮಗು ಹೇಳಿದ್ದು ಯಾವುದು ಎಂದು ಬಿಡಿಸುವುದು ಹೇಗೆ? ಮಗುವೊಂದು ಹಿಂದಿನ ಜನ್ಮವನ್ನು ಹೇಳಿತೆಂದು ಬಸದಿಯಲ್ಲಿ ಅದನ್ನು ಕೂರಿಸಿ ಹತ್ತಾರು ಜನ ಪ್ರಶ್ನೆ ಕೇಳುವುದು ಧರ್ಮಪ್ರಭಾವನೆಯಲ್ಲ. ಆ ಮಗುವಿನ ಮೇಲೆ ನಡೆಯುವ ಸೂಚನೆಯ ಪ್ರಯೋಗವದು. ಪುನರ್ಜನ್ಮದ ಸಿದ್ಧಾಂತ ಇಂಥ ಮಗುವಿನ ಸಾಕ್ಷ್ಯದ ಮೇಲೆ ನಿಂತಿಲ್ಲ.

ಸೂಚನೆಯ ಪ್ರಶ್ನೆ ನಮ್ಮ ರಾಜ್ಯದ ಹೆಸರಿನ ಮೊಕದ್ದಮೆಯೊಂದರಲ್ಲಿ ದೇಶದ ಅತ್ಯುಚ್ಚ ನ್ಯಾಯಾಲಯದವರೆಗೂ ಹೋಯಿತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ವಿದ್ಯುತ್ ಪರೀಕ್ಷೆಗಳನ್ನು ನಡೆಸುವುದು ಸಂವಿಧಾನವಿರುದ್ಧವೆಂದಿತು. ಔಷಧದ ಮಂಪರಿನಲ್ಲಿರುವವನು ಪ್ರಶ್ನಿಸುವವನ ಸೂಚನೆಗೆ ವಶನಾಗಬಲ್ಲನೆಂಬ ಅಂಶವೂ ಅಲ್ಲಿ ಚರ್ಚೆಗೆ ಬಂದಿತು. ಸೂಚನೆಗೆ ಮಂಪರೇ ಬೇಕೆಂದಿಲ್ಲ. ಗೌರವವೂ ಸಾಕು, ಬಳಗದ ಒತ್ತಾಯವೂ ಸಾಕು.

ಈ ದೃಷ್ಟಿಯಿಂದ ನೋಡಿದರೆ ಪಂಡಿತೆಯ ವಿಧಾನಕ್ಕೂ ಆಕ್ಷೇಪ ಹೇಳಬಹುದು. ಉತ್ತರ ಬಲ್ಲವಳೇ ಪ್ರಶ್ನೆ ಕೇಳುತ್ತಾಳೆ. ಸರಿಯುತ್ತರದತ್ತ ಸಾಗುವವನಿಗೆ ಅವಳ ಕಣ್ಣೇ ದಾರಿ ತೋರಬಹುದು. ಇಂದು ಗುರುತು ಪತ್ತೆಯನ್ನು ನಡೆಸುವ ಅಧಿಕಾರಿಗೆ ಆರೋಪಿ ಯಾರೆಂದು ತಿಳಿದಿರಬಾರದೆಂದು ತಜ್ಞರು ಹೇಳುವುದು ಇದೇ ಕಾರಣಕ್ಕೆ. ಕಾವ್ಯಕ್ಕೆ ಇಷ್ಟು ಕಟ್ಟುನಿಟ್ಟು ಬೇಡವೆನ್ನುವಿರಾದರೆ ನನ್ನ ಅಭ್ಯಂತರವಿಲ್ಲ.

ವ್ಯವಹಾರಸ್ಥರಾದ ನಮಗೆ ಇನ್ನೂ ಹತ್ತಿರದ ಮಾತೊಂದಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ಬಿಡಿಸಿ ಹೇಳುತ್ತಾರೆ: ಒಡವೆ-ಹಣವನ್ನು ಇರಿಸಿದವನು ಎಷ್ಟೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಇರಿಸಿಕೊಂಡವನು ಹಾಗೆಯೇ ಆಗಲಿ ಎಂದುಬಿಡುವುದು. ಅವನು ಒಂದು ಸುಳ್ಳನ್ನೂ ಆಡಿಲ್ಲ. ಇನ್ನೊಬ್ಬನ ಮರೆವಿಗೆ ಹೂಂಗುಟ್ಟಿದ್ದಾನೆ, ಅಷ್ಟೆ. ಆಚಾರ್ಯರು ಅದನ್ನೂ ಸತ್ಯವ್ರತದ ದೋಷವೆಂದು ಬರೆದರು. ಮರೆವಿಗೆ ಹೂಂಗುಟ್ಟುವುದು ದೋಷವಾದರೆ, ಸೂಚನೆಯಿಂದ ಇಲ್ಲದ ನೆನಪನ್ನು ಕಟ್ಟಿಸುವುದು ಯಾವ ಲೆಕ್ಕಕ್ಕೆ ಬಂದೀತು?

ದಾವಣಗೆರೆಯ ಸಮೀಪದ ಬೇತೂರಿನಲ್ಲಿ 13ನೆಯ ಶತಮಾನದಲ್ಲಿ ಕೂಚಿರಾಜನು ಪತ್ನಿ ಲಕ್ಷ್ಮಿಯ ಹೆಸರಿನಲ್ಲಿ ಜಿನಾಲಯವನ್ನು ಕಟ್ಟಿಸಿ ಅದನ್ನು ಕಲ್ಲಿನ ಮೇಲೆ ಬರೆಸಿದನು. ಆ ನೆನಪಿಗೆ ಇಂದು ಯಾರ ಸಾಕ್ಷ್ಯವೂ ಬೇಡ. ಅನಂತರದ ದಾನಗಳೆಲ್ಲ ಕಲ್ಲನ್ನು ಏರಲಿಲ್ಲ. ಎಷ್ಟೋ ಹಿರಿಯರ ತಲೆಯಲ್ಲಿಯೇ ಉಳಿದವು. ಬಸದಿಯ ನಿವೇಶನ ಯಾರು ಕೊಟ್ಟರು, ಯಾವ ಕರಾರಿನ ಮೇಲೆ ಕೊಟ್ಟರು ಎಂಬ ಪ್ರಶ್ನೆ ಬಂದಾಗ ಟ್ರಸ್ಟಿನವರು ಹಿರಿಯರ ಬಳಿ ಹೋಗುತ್ತಾರೆ. ಹೋದವರು ‘ಆಗ ಏನು ನಡೆಯಿತು, ಹೇಳಿ’ ಎನ್ನಬಹುದು; ‘ನಿಮ್ಮ ತಂದೆಯವರು ಆ ಸಭೆಯಲ್ಲಿ ಜಾಗವನ್ನು ಬಿಟ್ಟುಕೊಟ್ಟರಲ್ಲವೆ?’ ಎಂದೂ ಕೇಳಬಹುದು. ಎರಡನೆಯ ಪ್ರಶ್ನೆಯನ್ನು ನಾಲ್ಕು ಮಂದಿ ನಾಲ್ಕು ದಿನ ಕೇಳಿದರೆ ಎಂಬತ್ತು ದಾಟಿದ ಹಿರಿಯರು ಐದನೆಯ ದಿನ ತಂದೆಯವರು ಉಟ್ಟಿದ್ದ ಪಂಚೆಯ ಅಂಚನ್ನೂ ವರ್ಣಿಸಬಲ್ಲರು. ಅವರು ಸುಳ್ಳು ಹೇಳುತ್ತಿಲ್ಲ. ಅಂಥ ಹೇಳಿಕೆಯನ್ನು ಪ್ರಮಾಣಪತ್ರದಲ್ಲಿ ಬರೆಸಿ ಸಹಿ ಮಾಡಿಸಿದವರ ಮೇಲೆ ಮಾತ್ರ ದೋಷದ ಹೊರೆ ಇದೆ.

ಹರಿಹರದಲ್ಲಾಗಲಿ ದಾವಣಗೆರೆಯಲ್ಲಾಗಲಿ ಸ್ಮರಣ ಸಂಚಿಕೆಗೆ ಹಿರಿಯರ ನೆನಪುಗಳನ್ನು ಬರೆದುಕೊಳ್ಳಲು ಹೊರಡುವ ತರುಣರು ಒಬ್ಬೊಬ್ಬ ಹಿರಿಯರನ್ನೂ ಬೇರೆ ಬೇರೆಯಾಗಿ ಕಾಣಲಿ. ಹಿಂದಿನವರು ಹೇಳಿದ್ದನ್ನು ಮುಂದಿನವರಿಗೆ ಹೇಳದಿರಲಿ. ಕೇಳಿದ ಪ್ರಶ್ನೆಯನ್ನೂ ಉತ್ತರದ ಜೊತೆಗೇ ಬರೆದು ತಾರೀಖು ಹಾಕಲಿ. ಹಳೆಯ ಛಾಯಾಚಿತ್ರದ ಆಲ್ಬಮನ್ನು ಅದಾದ ಮೇಲೆ ತೆರೆಯಬಹುದು.