‘ಗೋರಾ’ ಕಾದಂಬರಿಯಲ್ಲಿ ವಿನಯನ ಸ್ನೇಹಭಾವ

ರವೀಂದ್ರನಾಥ ಠಾಕೂರರ ‘ಗೋರಾ’ 1910ರಲ್ಲಿ ಗ್ರಂಥರೂಪವನ್ನು ತಾಳಿತು. ಅದರಲ್ಲಿ ವಿನಯನನ್ನು ಗೋರನ ನೆರಳೆಂದು ಬಗೆಯುವುದೂ, ಲಲಿತೆಯ ಮೇಲಣ ಅನುರಾಗವೇ ಈ ಗೆಳೆಯರನ್ನು ಅಗಲಿಸಿತೆನ್ನುವುದೂ ಸುಲಭ. ನಮಗೆ ಇವೆರಡೂ ಸಮ್ಮತವಲ್ಲ.

ವಿನಯನಿಗೆ ಮತಕ್ಕಿಂತ ಮನುಷ್ಯನು ದೊಡ್ಡವನು. ಗೋರನ ಆಚಾರನಿಷ್ಠೆಯನ್ನು ಅವನು ಒಪ್ಪಿದುದು ತರ್ಕಕ್ಕೆ ಮಣಿದಲ್ಲ, ಪ್ರೀತಿಗೆ ಮಣಿದು. ಕ್ರೈಸ್ತ ದಾಸಿ ಲಛಮಿಯಾ ಓಡಾಡುವ ಆನಂದಮಯಿಯ ಕೋಣೆಯಲ್ಲಿ ಉಣ್ಣಕೂಡದೆಂದು ಗೋರನು ತಡೆದಾಗ ಅವನು ನೊಂದರೂ ಮೀರುವುದಿಲ್ಲ. ಬಳಿಕ ತಾನಾಗಿ ಬಂದು ಆ ತಾಯಿಯಲ್ಲಿ ಊಟ ಬೇಡುತ್ತಾನೆ. ಸ್ನೇಹದಿಂದ ವಿಧೇಯತೆ ಮೊದಲು ಬೇರ್ಪಡುವುದು ಇಲ್ಲಿಯೇ. ಅನುರಾಗವಿನ್ನೂ ಮೊಳೆತಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಪರೇಶಬಾಬುಗಳ ಬ್ರಾಹ್ಮಗೃಹದಲ್ಲಿ ಈ ಪರಿಣಾಮವು ವಿಚಿತ್ರವಾದ ರೂಪವನ್ನು ತಾಳುತ್ತದೆ. ಅಲ್ಲಿ ವಿನಯನು ಗೋರನ ಪಕ್ಷವನ್ನು ಎಂದಿಗಿಂತಲೂ ಆವೇಶದಿಂದ ಸಮರ್ಥಿಸುತ್ತಾನೆ. ಒಳಗೆ ನಂಬಿಕೆ ಸಡಿಲವಾದಷ್ಟೂ ಮಾತು ಬಿಗಿಯಾಗುತ್ತದೆ! ಲಲಿತೆ ಚುಚ್ಚುವುದು ಈ ಎರವಲು ಮಾತನ್ನೇ. ಅವಳು ಬಿರುಕನ್ನು ಉಂಟುಮಾಡಲಿಲ್ಲ, ಕಂಡಳು. ಗೋರನು ಬಂಧಿತನಾದಾಗ ಮ್ಯಾಜಿಸ್ಟ್ರೇಟನ ಮುಂದೆ ಅಭಿನಯಿಸಲೊಲ್ಲದೆ ಅವಳು ವಿನಯನಿದ್ದ ಹಡಗನ್ನೇರುವುದು ಗೋರನ ಮೇಲಣ ಗೌರವದಿಂದಲೇ ಅಲ್ಲವೆ?

ಮುಂದೆ ಗೋರನು ವಿವಾಹದಿಂದ ದೂರ ಉಳಿಯುತ್ತಾನೆ. ಆನಂದಮಯಿಯೇ ಮುಂದೆ ನಿಂತು ಅದನ್ನು ನೆರವೇರಿಸುತ್ತಾಳೆ. ವಿನಯನಲ್ಲಿ ಆಗಲೂ ಗೆಳೆಯನ ಮೇಲೆ ದ್ವೇಷವಿಲ್ಲ. ಆದರೆ ಬಾಲ್ಯದ ಗೆಳೆಯನಿಲ್ಲದ ಆ ದಿನದ ಅವನ ಮನಸ್ಸನ್ನು ಕವಿ ನಮಗೆ ಸಾಕಷ್ಟು ತೋರಿಸಿಲ್ಲ. ವಾದಗಳಿಗಿತ್ತ ಪುಟಗಳಲ್ಲಿ ಕೆಲವನ್ನಾದರೂ ಅದಕ್ಕೆ ಕೊಡಬಹುದಾಗಿತ್ತು.