ಮೂಲವೂ ಟೀಕೆಯೂ: ರಿಚಿ ಬೆನೊ ಅವರ ವೀಕ್ಷಕ ವಿವರಣೆ

ವ್ಯಾಖ್ಯಾನವೆಂಬುದು ನಮ್ಮ ವಿದ್ಯಾಪರಂಪರೆಗೆ ಹೊಸದಲ್ಲ. ಮೂಲಗ್ರಂಥದ ಮಗ್ಗುಲಲ್ಲಿ ಕುಳಿತು, ಓದುಗನಿಗೆ ತೊಡಕಾದ ಎಡೆಯಲ್ಲಿ ಮಾತ್ರ ಕೈಹಿಡಿದು ನಡೆಸುವ ಟೀಕಾಕಾರನ ಕೆಲಸ ಎಷ್ಟು ಕಠಿನವಾದುದೆಂಬುದನ್ನು ಪಾಠ ಹೇಳುವವರೆಲ್ಲರೂ ಬಲ್ಲರು. ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥನು, ಆಧಾರವಿಲ್ಲದುದಕ್ಕೂ ಬೇಡವಾದುದಕ್ಕೂ ತನ್ನ ಬರಹದಲ್ಲಿ ಎಡೆಯಿಲ್ಲವೆಂದು ಮೊದಲಲ್ಲಿಯೇ ಪಣತೊಟ್ಟುದು ಪ್ರಸಿದ್ಧವಾಗಿದೆ. ಈ ಪಣದಲ್ಲಿ ಎರಡು ಕಟ್ಟುಗಳಿವೆ: ಸುಳ್ಳನ್ನು ಸೇರಿಸಬಾರದು, ನಿಜವೇ ಆದರೂ ಅನವಶ್ಯಕವಾದುದನ್ನು ಸೇರಿಸಬಾರದು. ಮೊದಲನೆಯದನ್ನು ಪಾಲಿಸುವವರು ಹಲವರು. ಎರಡನೆಯದನ್ನು ಪಾಲಿಸುವವರು ವಿರಳ. ಈ ಒರೆಗಲ್ಲಿಗೆ ನಮ್ಮ ಕಾಲದ ಒಬ್ಬ ಕ್ರೀಡಾ ವಿವರಣೆಗಾರರ ಕಾರ್ಯವನ್ನು ಹಚ್ಚಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ವಿಶ್ವವಿದ್ಯಾನಿಲಯದ ಸಂಶೋಧನ ಪತ್ರಿಕೆಯಲ್ಲಿ ಆಟದ ಮಾತೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಇಂದು ಸಾಮಾನ್ಯ ಜನರ ಕಿವಿಗೆ ದಿನದಿನವೂ ಬೀಳುತ್ತಿರುವ ಆಡುಗದ್ಯದಲ್ಲಿ ವೀಕ್ಷಕ ವಿವರಣೆಗೆ ದೊಡ್ಡ ಪಾಲಿದೆ. ಬರೆದ ಗದ್ಯವನ್ನು ತೂಗಿ ನೋಡುವ ವಿಮರ್ಶಕನು ಆಡಿದ ಗದ್ಯವನ್ನು ಮಾತ್ರ ತೂಗದೆ ಬಿಡುವುದಕ್ಕೆ ಕಾರಣವಿಲ್ಲ.

ರಿಚಿ ಬೆನೊ ಅವರು 1930ರಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದ ಪೆನ್‌ರಿತ್‌ನಲ್ಲಿ ಹುಟ್ಟಿ, 2015ರ ಏಪ್ರಿಲ್ 10ರಂದು ಸಿಡ್ನಿಯಲ್ಲಿ ತೀರಿಕೊಂಡರು. ಲೆಗ್ ಸ್ಪಿನ್ ಬೌಲರಾಗಿ 63 ಟೆಸ್ಟ್ ಪಂದ್ಯಗಳಲ್ಲಿ 248 ವಿಕೆಟ್‌ಗಳನ್ನೂ 2201 ರನ್ನುಗಳನ್ನೂ ಗಳಿಸಿದರು. ಟೆಸ್ಟ್ ಆಟದಲ್ಲಿ 2000 ರನ್ನುಗಳನ್ನೂ 200 ವಿಕೆಟ್‌ಗಳನ್ನೂ ಒಟ್ಟಿಗೆ ಸಾಧಿಸಿದವರಲ್ಲಿ ಅವರೇ ಮೊದಲಿಗರು. 28 ಟೆಸ್ಟ್‌ಗಳಲ್ಲಿ ನಾಯಕರಾಗಿದ್ದು ಒಂದು ಸರಣಿಯನ್ನೂ ಸೋಲಲಿಲ್ಲ. 1959-60ರಲ್ಲಿ ಭಾರತಕ್ಕೆ ಬಂದ ತಂಡಕ್ಕೂ ಅವರೇ ನಾಯಕರು. ಕಾನ್ಪುರದಲ್ಲಿ ಜಸು ಪಟೇಲರು ಒಂದೇ ಇನ್ನಿಂಗ್ಸ್‌ನಲ್ಲಿ 9 ವಿಕೆಟ್ ಕಿತ್ತು ಆಸ್ಟ್ರೇಲಿಯವನ್ನು ಸೋಲಿಸಿದ ಪಂದ್ಯ ಆ ಸರಣಿಯದೇ. ಇಷ್ಟು ಸಾಧಿಸಿದವರು ಹಳೆಯ ಕೀರ್ತಿಯ ಬಲದಿಂದಲೇ ಧ್ವನಿವರ್ಧಕದ ಮುಂದೆ ಕುಳಿತುಕೊಳ್ಳಬಹುದಾಗಿತ್ತು. ಬೆನೊ ಅವರು ಹಾಗೆ ಮಾಡಲಿಲ್ಲವೆಂಬುದೇ ಗಮನಿಸಬೇಕಾದ ಮೊದಲ ಅಂಶ.

1956ರ ಇಂಗ್ಲೆಂಡ್ ಪ್ರವಾಸ ಮುಗಿದ ಮೇಲೆ ಅವರು ಲಂಡನ್ನಿನಲ್ಲಿ ಉಳಿದು ಬಿಬಿಸಿಯ ದೂರದರ್ಶನ ತರಬೇತಿಗೆ ಸೇರಿದರು. ಆಗ ಅವರ ಆಟದ ಜೀವನ ಇನ್ನೂ ಅರ್ಧವೂ ಕಳೆದಿರಲಿಲ್ಲ. ಗಾಲ್ಫ್‌ನ ಹೆನ್ರಿ ಲಾಂಗ್‌ಹರ್ಸ್ಟ್, ಟೆನಿಸ್‌ನ ಡಾನ್ ಮಾಸ್ಕೆಲ್, ಕುದುರೆ ಪಂದ್ಯದ ಪೀಟರ್ ಒಸಲಿವನ್ ಇವರ ಕೆಲಸವನ್ನು ಹತ್ತಿರದಿಂದ ನೋಡಿ ಕಲಿತರು. ಈ ಮೂವರಲ್ಲಿ ಒಬ್ಬರೂ ಕ್ರಿಕೆಟ್ಟಿನವರಲ್ಲ. ಅವರು ಅರಸಿದ್ದು ಮಾತಿನ ಕಸುಬನ್ನು. ಸಿಡ್ನಿಯ 'ಸನ್' ಪತ್ರಿಕೆಯಲ್ಲಿ ಅಪರಾಧ ವರದಿಗಾರರಾಗಿ ದುಡಿದುದೂ ಈ ಕಸುಬಿಗೆ ನೆರವಾಯಿತು. ನಡೆದುದನ್ನು ನಡೆದಂತೆ, ಕಡಮೆ ಮಾತಿನಲ್ಲಿ, ಹೊತ್ತಿಗೆ ಸರಿಯಾಗಿ ಒಪ್ಪಿಸುವುದನ್ನು ಅಂಥ ವರದಿಗಾರಿಕೆ ಕಲಿಸುತ್ತದೆ. 1960ರಲ್ಲಿ ಬಿಬಿಸಿ ರೇಡಿಯೋದಲ್ಲಿಯೂ 1963ರಲ್ಲಿ ಅದೇ ಸಂಸ್ಥೆಯ ದೂರದರ್ಶನದಲ್ಲಿಯೂ ವಿವರಣೆಯನ್ನು ಆರಂಭಿಸಿ, 1964ರಲ್ಲಿ ಆಟದಿಂದ ನಿವೃತ್ತರಾದರು.

ಇಲ್ಲಿ ರೇಡಿಯೋ ವಿವರಣೆಗೂ ದೂರದರ್ಶನದ ವಿವರಣೆಗೂ ಇರುವ ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ. ರೇಡಿಯೋದಲ್ಲಿ ಮೂಲವೆಂಬುದಿಲ್ಲ. ಕೇಳುವವನಿಗೆ ಮೈದಾನ, ಮೋಡ, ಚೆಂಡು, ದಾಂಡಿಗ ಎಲ್ಲವೂ ಮಾತಿನಿಂದಲೇ ಮೂಡಬೇಕು. 1946ರಿಂದ 1980ರ ವರೆಗೆ ಬಿಬಿಸಿ ರೇಡಿಯೋದಲ್ಲಿ ವಿವರಣೆ ನೀಡಿದ ಜಾನ್ ಆರ್ಲಟ್ ಅವರು ಸ್ವತಃ ಕವಿಗಳಾಗಿದ್ದುದು ಆಕಸ್ಮಿಕವಲ್ಲ. ಅಲ್ಲಿ ವಿವರಣೆಗಾರನು ಸೃಷ್ಟಿಕರ್ತ. ದೂರದರ್ಶನದಲ್ಲಾದರೋ ಮೂಲವು ನೋಡುವವನ ಕಣ್ಣೆದುರಿಗೇ ಇದೆ. ಚೆಂಡು ಬೌಂಡರಿಗೆ ಹೋದುದನ್ನು ಕಂಡವನಿಗೆ ಚೆಂಡು ಬೌಂಡರಿಗೆ ಹೋಯಿತೆಂದು ಹೇಳುವುದು ಪುನರುಕ್ತಿದೋಷ. ಇಲ್ಲಿ ವಿವರಣೆಗಾರನು ಕವಿಯಲ್ಲ, ಟೀಕಾಕಾರ. ಚಿತ್ರಕ್ಕೆ ಏನನ್ನಾದರೂ ಕೂಡಿಸಲು ಸಾಧ್ಯವಿದ್ದರೆ ಮಾತ್ರ ಬಾಯಿ ತೆರೆಯಬೇಕು, ಇಲ್ಲವಾದರೆ ಸುಮ್ಮನಿರಬೇಕು ಎಂಬುದು ಬೆನೊ ಅವರು ತಮಗೂ ಕಿರಿಯರಿಗೂ ಹಾಕಿದ ನಿಯಮ. ಮಲ್ಲಿನಾಥನ ಎರಡನೆಯ ಕಟ್ಟೇ ಇದು.

ಸಿದ್ಧಾಂತವನ್ನು ಪ್ರಯೋಗದಲ್ಲಿ ಕಾಣೋಣ. 1981ರ ಜುಲೈ ತಿಂಗಳಲ್ಲಿ ಲೀಡ್ಸ್‌ನ ಹೆಡಿಂಗ್ಲೆ ಮೈದಾನದಲ್ಲಿ ಫಾಲೋ ಆನ್‌ಗೆ ಗುರಿಯಾಗಿದ್ದ ಇಂಗ್ಲೆಂಡ್ ತಂಡವನ್ನು ಇಯಾನ್ ಬಾಥಂ 149 ರನ್ ಹೊಡೆದು ಅಜೇಯರಾಗಿ ಉಳಿದು ಎತ್ತಿ ನಿಲ್ಲಿಸಿದರು. ಕಡೆಗೆ ಇಂಗ್ಲೆಂಡ್ 18 ರನ್ನುಗಳಿಂದ ಗೆದ್ದಿತು. ಆ ಆಟದಲ್ಲಿ ಒಂದು ಸಿಕ್ಸರ್ ಪ್ರೇಕ್ಷಕರ ನಡುವೆ ಬಿದ್ದಾಗ ಬೆನೊ ಅವರು, ಚೆಂಡನ್ನು ಹುಡುಕುವ ಗೋಜಿಗೆ ಹೋಗಬೇಡಿ, ಅದು ಮಿಠಾಯಿ ಅಂಗಡಿಯನ್ನು ಹೊಕ್ಕು ಹೊರಬಂದಿದೆ ಎಂಬರ್ಥದ ಮಾತನ್ನಾಡಿದರು. ಹೊಡೆತದ ಬಲವನ್ನು ವರ್ಣಿಸುವ ವಿಶೇಷಣ ಇಲ್ಲಿ ಒಂದೂ ಇಲ್ಲ. ಚಿತ್ರವು ಬಲವನ್ನು ತೋರಿಸಿತ್ತು. ಮಾತು ಹಾಸ್ಯವನ್ನು ಕೂಡಿಸಿತು. ಮೂಲದಲ್ಲಿಲ್ಲದುದು ಟೀಕೆಯಿಂದ ಬಂದಿತು, ಆದರೆ ಮೂಲಕ್ಕೆ ವಿರುದ್ಧವಾಗಿ ಬರಲಿಲ್ಲ.

ಎರಡನೆಯ ನಿದರ್ಶನ ಇನ್ನೂ ಸೂಕ್ಷ್ಮವಾದುದು. 1993ರ ಜೂನ್ 4ರಂದು ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್‌ನಲ್ಲಿ ಶೇನ್ ವಾರ್ನ್ ಅವರು ಆಶಸ್ ಸರಣಿಯಲ್ಲಿ ಎಸೆದ ಮೊದಲ ಚೆಂಡು ಲೆಗ್ ಸ್ಟಂಪಿನ ಹೊರಗೆ ನೆಲಕ್ಕೆ ಬಿದ್ದು, ಅಡ್ಡಕ್ಕೆ ತಿರುಗಿ, ಮೈಕ್ ಗ್ಯಾಟಿಂಗ್ ಅವರ ಆಫ್ ಸ್ಟಂಪಿಗೆ ತಾಗಿತು. ಬೆನೊ ಅವರು ಮೊದಲು ಎಸೆತದ ಸೊಬಗನ್ನು ಮೆಚ್ಚಿ, ಆಮೇಲೆ ಗ್ಯಾಟಿಂಗ್ ಅವರಿಗೆ ಏನಾಯಿತೆಂಬುದೇ ತಿಳಿದಿಲ್ಲವೆಂದರು. ಸ್ವಲ್ಪ ತಡೆದು, ಈಗಲೂ ತಿಳಿದಿಲ್ಲ ಎಂದು ಸೇರಿಸಿದರು. ಆ ನಡುವಣ ತಡೆಯಲ್ಲಿಯೇ ಇಡೀ ಮಾತಿನ ಸ್ವಾರಸ್ಯವಿದೆ. ನೋಡುವವನ ಕಣ್ಣು ಚೆಂಡಿನಿಂದ ದಾಂಡಿಗನ ಮುಖಕ್ಕೆ ತಿರುಗಲು ಬೇಕಾದಷ್ಟು ಹೊತ್ತು ಅದು. ಇನ್ನೂ ಒಂದು ಅಂಶವುಂಟು. ಅದೇ ಮೈದಾನದಲ್ಲಿ 1961ರಲ್ಲಿ, ಬೌಲರುಗಳ ಹೆಜ್ಜೆಯಿಂದ ಒರಟಾದ ನೆಲಕ್ಕೆ ಚೆಂಡನ್ನು ಹಾಕಿ 70 ರನ್ನುಗಳಿಗೆ 6 ವಿಕೆಟ್ ಪಡೆದು, ಪಂದ್ಯವನ್ನು ಗೆಲ್ಲಿಸಿದವರು ಬೆನೊ ಅವರೇ. ಲೆಗ್ ಸ್ಪಿನ್ನಿನ ಮರ್ಮವನ್ನು ಆ ಹೊತ್ತಿನಲ್ಲಿ ಅವರಿಗಿಂತ ಹೆಚ್ಚು ಬಲ್ಲವರು ಆ ಕೊಠಡಿಯಲ್ಲಿ ಇರುವುದು ಕಷ್ಟ. ಆದರೆ ಆ ಮಾತಿನಲ್ಲಿ ತಮ್ಮ ಸುದ್ದಿಯನ್ನು ಅವರು ತರಲಿಲ್ಲ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದು ಕರೆದನಷ್ಟೆ. ಎಲ್ಲಿ ಯಾವುದು ತಕ್ಕುದೋ ಅದನ್ನು ಮಾತ್ರ ಇಡುವ ಆ ವಿವೇಕ ಇಲ್ಲಿ ಕಾಣುತ್ತದೆ.

ಪದಗಳ ಆಯ್ಕೆಯಲ್ಲಿಯೂ ಈ ವಿವೇಕವೇ. ಟೈಟಾನಿಕ್ ಹಡಗು ಮುಳುಗಿದುದು ದುರಂತ, ಇಥಿಯೋಪಿಯದ ಬರಗಾಲ ವಿಪತ್ತು. ಕ್ಯಾಚ್ ಕೈಚೆಲ್ಲುವುದಕ್ಕೂ ಇವಕ್ಕೂ ಸಂಬಂಧವಿಲ್ಲವೆಂದು ಅವರು ಕಿರಿಯರಿಗೆ ಬುದ್ಧಿ ಹೇಳುತ್ತಿದ್ದರು. 'ನಾವು', 'ಅವರು' ಎಂಬ ಹೆಸರಿನ ತಂಡಗಳು ಲೋಕದಲ್ಲಿ ಎಲ್ಲಿಯೂ ಇಲ್ಲವೆಂದೂ ಎಚ್ಚರಿಸುತ್ತಿದ್ದರು. ಮೊದಲನೆಯದು ಶಬ್ದದ ತೂಕವನ್ನು ಕುರಿತದ್ದು. ಎರಡನೆಯದು ನ್ಯಾಯವನ್ನು ಕುರಿತದ್ದು.

ಇನ್ನು ಪೂರ್ವಪಕ್ಷವನ್ನು ಎತ್ತಿಕೊಳ್ಳೋಣ. ಮೌನವು ಯಾವಾಗಲೂ ಗುಣವಲ್ಲ. ಅದು ಜಾಣ ಹಿಂಜರಿಕೆಯೂ ಆಗಬಹುದು. 1977ರಲ್ಲಿ ಕೆರಿ ಪ್ಯಾಕರ್ ಅವರು ಕ್ರಿಕೆಟ್ ಮಂಡಲಿಗಳನ್ನು ಎದುರುಹಾಕಿಕೊಂಡು ವರ್ಲ್ಡ್ ಸೀರೀಸ್ ಕ್ರಿಕೆಟ್ಟನ್ನು ಸ್ಥಾಪಿಸಿದಾಗ, ಬೆನೊ ಅವರು ಅದಕ್ಕೆ ಸಲಹೆಗಾರರಾದರು. ಆ ವರ್ಷದಿಂದ 2013ರ ವರೆಗೆ ಪ್ಯಾಕರ್ ಮನೆತನ ಬಹುಕಾಲ ನಡೆಸಿದ ನೈನ್ ವಾಹಿನಿಯಲ್ಲಿ ವಿವರಣೆ ನೀಡಿದರು. ಒಂದು ಸಾಹಸವನ್ನು ಕಟ್ಟಲು ನೆರವಾದವನೇ ಅದರ ವಿವರಣೆಗಾರನೂ ಆದರೆ, ಅವನ ಮಿತಭಾಷೆ ಸಂಯಮವೋ ಒಡೆಯನ ಋಣವೋ ಎಂದು ಕೇಳುವುದು ನ್ಯಾಯವೇ ಆಗಿದೆ. ಕಲಾವಿದನ ಸೊಗಸನ್ನು ಕೊಂಡಾಡಿ ಈ ಪ್ರಶ್ನೆಯನ್ನು ದಾಟಿಹೋಗುವುದು ವಿಮರ್ಶೆಯಾಗದು.

ಇದಕ್ಕೆ ಉತ್ತರ 1981ರ ಫೆಬ್ರವರಿ 1ರಂದು ದೊರೆಯುತ್ತದೆ. ಮೆಲ್ಬರ್ನಿನಲ್ಲಿ ನಡೆದ ಒಂದು ದಿನದ ಪಂದ್ಯದಲ್ಲಿ, ಕೊನೆಯ ಚೆಂಡಿಗೆ ಆರು ರನ್ ಬಂದರೆ ನ್ಯೂಜಿಲೆಂಡ್ ಸಮಮಾಡಿಕೊಳ್ಳುವಂತಿತ್ತು. ಆಸ್ಟ್ರೇಲಿಯದ ನಾಯಕ ಗ್ರೆಗ್ ಚಾಪೆಲ್ ಅವರು, ತಮ್ಮ ತಮ್ಮನಾದ ಟ್ರೆವರ್‌ಗೆ ಹೇಳಿ, ಚೆಂಡನ್ನು ನೆಲದ ಮೇಲೆ ಉರುಳಿಸಿಸಿದರು. ಅಂದಿನ ನಿಯಮಕ್ಕೆ ಅದು ವಿರುದ್ಧವಾಗಿರಲಿಲ್ಲ. ಪಂದ್ಯ ಮುಗಿದ ಮೇಲೆ ಬೆನೊ ಅವರು ಕ್ಯಾಮೆರಾದ ಮುಂದೆ, ಅದು ನಾಚಿಕೆಗೇಡಿನ ವರ್ತನೆ, ಅಂದು ಲೆಕ್ಕ ತಪ್ಪಿದ ನಾಯಕನೊಬ್ಬನಿಂದ ಆದುದು, ಕ್ರಿಕೆಟ್ ಮೈದಾನದಲ್ಲಿ ತಾವು ಕಂಡ ಅತಿ ಕೆಟ್ಟ ಸಂಗತಿಗಳಲ್ಲಿ ಒಂದು, ಮತ್ತೆಂದೂ ನಡೆಯಗೊಡಬಾರದು ಎಂದು ನಿಸ್ಸಂದಿಗ್ಧವಾಗಿ ನುಡಿದರು. ಟೀಕೆಗೆ ಒಳಗಾದವರು ಅವರದೇ ದೇಶದ ನಾಯಕರು. ಪ್ರಸಾರ ಮಾಡುತ್ತಿದ್ದುದು ಅದೇ ನೈನ್ ವಾಹಿನಿ. ಧ್ವನಿಯನ್ನು ಏರಿಸದೆಯೇ ಆ ಮಾತನ್ನಾಡಿದರೆಂಬುದು ಮುಖ್ಯ. ದಿನವೂ ಕೂಗುವವನ ಕೂಗಿಗೆ ಬೆಲೆಯಿಲ್ಲ; ಅವರು ಇಪ್ಪತ್ತು ವರ್ಷ ಕೂಡಿಟ್ಟ ಮೌನವು ಅಂದು ಅವರ ಮಾತಿಗೆ ಬೆಲೆ ತಂದಿತು. ಒಂದು ನಿದರ್ಶನದಿಂದ ಪೂರ್ವಪಕ್ಷ ಪೂರ್ತಿಯಾಗಿ ಅಳಿಯುವುದಿಲ್ಲವೆಂಬುದು ನಿಜ. ವ್ಯಾಪಾರವೂ ಕ್ರೀಡೆಯೂ ಬೆರೆತ ಆ ಪ್ರಸಾರವ್ಯವಸ್ಥೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರೆಂಬುದನ್ನು ಚರಿತ್ರೆ ಮರೆಯಬಾರದು. ಆದರೆ ಅವರ ಮೌನ ಅಂಜಿಕೆಯ ಮೌನವಲ್ಲವೆಂದು ಹೇಳಲು ಇಷ್ಟು ಆಧಾರ ಸಾಕು.

ಕಾಲ ಕಳೆದಂತೆ ಮೂಲವೇ ಬೆಳೆಯಿತೆಂಬುದನ್ನೂ ಇಲ್ಲಿ ನೆನೆಯಬೇಕು. ನೈನ್ ವಾಹಿನಿ ಪಿಚ್ಚಿನ ಎರಡು ತುದಿಗಳಲ್ಲಿಯೂ ಕ್ಯಾಮೆರಾಗಳನ್ನು ನಿಲ್ಲಿಸಿದುದರಿಂದ, ನೋಡುವವನು ಪ್ರತಿಯೊಂದು ಓವರನ್ನೂ ಬೌಲರನ ಹಿಂದಿನಿಂದಲೇ ಕಾಣುವಂತಾಯಿತು. 1999ರಲ್ಲಿ ಇಂಗ್ಲೆಂಡಿನ ಪ್ರಸಾರ ಬಿಬಿಸಿಯಿಂದ ಚಾನೆಲ್ 4ಕ್ಕೆ ಹೋದಾಗ ಬೆನೊ ಅವರೂ ಅಲ್ಲಿಗೆ ಹೋದರು. 2001ರಲ್ಲಿ ಆ ವಾಹಿನಿಯಲ್ಲಿ ಚೆಂಡಿನ ಹಾದಿಯನ್ನು ಗೆರೆಯೆಳೆದು ತೋರಿಸುವ ಹಾಕ್-ಐ ಬಂದಿತು. ಮೂಲವು ಇಷ್ಟು ವಿಶದವಾದಾಗ ಟೀಕೆ ಇನ್ನೂ ಮಿತವಾಗಬೇಕಾದುದು ನ್ಯಾಯ. ನಡೆದುದು ಮಾತ್ರ ಇದಕ್ಕೆ ವಿರುದ್ಧ: ಕೊಠಡಿಯಲ್ಲಿ ವಿವರಣೆಗಾರರ ಸಂಖ್ಯೆ ಹೆಚ್ಚಿತು, ಮಾತಿನ ಮೇಲೆ ಮಾತು ಬಿದ್ದಿತು. ಈ ಪ್ರವಾಹದ ನಡುವೆ ಬೆನೊ ಅವರು ತಮ್ಮ ಹಳೆಯ ನಿಯಮವನ್ನೇ ಹಿಡಿದು ಕುಳಿತರು.

2005ರಲ್ಲಿ ಇಂಗ್ಲೆಂಡಿನ ಟೆಸ್ಟ್ ಪ್ರಸಾರ ಹಣ ತೆತ್ತು ನೋಡುವ ವಾಹಿನಿಗೆ ಹೋಗುವುದು ಖಚಿತವಾದಾಗ, ಎಲ್ಲರಿಗೂ ಉಚಿತವಾಗಿ ದೊರೆಯುವ ಪ್ರಸಾರವನ್ನೇ ನೆಚ್ಚಿದ್ದ ಬೆನೊ ಅವರು ಆ ದೇಶದ ಕೆಲಸವನ್ನು ಮುಗಿಸಿದರು. ಸೆಪ್ಟೆಂಬರ್ 12ರಂದು ಓವಲ್ ಮೈದಾನದಲ್ಲಿ ಅವರು ಬೀಳ್ಕೊಡುಗೆಯ ಮಾತನ್ನಾಡುತ್ತಿದ್ದಾಗಲೇ, 158 ರನ್ ಗಳಿಸಿದ್ದ ಕೆವಿನ್ ಪೀಟರ್ಸನ್ ಅವರನ್ನು ಗ್ಲೆನ್ ಮೆಗ್ರಾ ಬೌಲ್ಡ್ ಮಾಡಿದರು. ಬೆನೊ ಅವರು ವಿಕೆಟ್ ಬಿದ್ದುದನ್ನು ತಮ್ಮ ವಿದಾಯದ ಮಾತಿನ ಓಟದೊಳಗೇ ಸೇರಿಸಿಕೊಂಡು, ಮುಂದಿನ ಸರದಿಯವರಿಗೆ ಧ್ವನಿವರ್ಧಕವನ್ನು ಒಪ್ಪಿಸಿದರು. ಇಂಗ್ಲೆಂಡಿನ ದೂರದರ್ಶನದಲ್ಲಿ 42 ವರ್ಷ ದುಡಿದವರ ಕೊನೆಯ ಗಳಿಗೆಯಲ್ಲಿಯೂ ಮೂಲವೇ ಮುಂದೆ, ಟೀಕಾಕಾರ ಹಿಂದೆ.

ಇದೆಲ್ಲವೂ ಹೃದಯಶೂನ್ಯವಾದ ಕಸುಬುಗಾರಿಕೆಯೆಂದು ಯಾರಾದರೂ ಭಾವಿಸಿದರೆ, 2014ರ ಸಂಗತಿಯನ್ನು ನೆನೆಯಬೇಕು. ಬೌನ್ಸರ್ ತಗುಲಿ ನವೆಂಬರ್ 27ರಂದು ತೀರಿಕೊಂಡ 25 ವರ್ಷದ ಫಿಲಿಪ್ ಹ್ಯೂಸ್ ಅವರಿಗೆ ನೈನ್ ವಾಹಿನಿ ಸಲ್ಲಿಸಿದ ಶ್ರದ್ಧಾಂಜಲಿಗೆ, ಕ್ಯಾನ್ಸರಿನಿಂದ ಬಳಲುತ್ತಿದ್ದ ಬೆನೊ ಅವರು ಧ್ವನಿ ಕೊಟ್ಟರು. ಕೊನೆಯಲ್ಲಿ ಶಾಂತಿಯನ್ನು ಕೋರಿ, 'ಮಗನೆ' ಎಂಬರ್ಥದ ಒಂದೇ ಸಂಬೋಧನೆಯಿಂದ ಮುಗಿಸಿದರು. ಯಾವ ಆಟಗಾರನನ್ನೂ 'ನಮ್ಮವನು' ಎನ್ನಬಾರದೆಂಬ ನಿಯಮವನ್ನು ಅರ್ಧ ಶತಮಾನ ಪಾಲಿಸಿದವರ ಬಾಯಿಂದ ಬಂದುದರಿಂದಲೇ ಆ ಒಂದು ಶಬ್ದಕ್ಕೆ ಅಷ್ಟು ಶಕ್ತಿ. ಧ್ವನಿಯೆಂದು ನಮ್ಮ ಆಲಂಕಾರಿಕರು ಕರೆದುದು ಇದನ್ನೇ.

ಈ ಪರಿಶೀಲನೆಯಿಂದ ನಮಗೆ ಒದಗುವ ಪ್ರಯೋಜನವೂ ಉಂಟು. ಈಗ ಐಪಿಎಲ್ ಪಂದ್ಯಗಳ ವಿವರಣೆ ಕನ್ನಡದಲ್ಲಿಯೂ ದೊರೆಯುತ್ತಿದೆ. ಇದು ಸಂತೋಷದ ವಿಷಯ. ಆದರೆ ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಪೂರ್ಣವಾಕ್ಯವನ್ನು ಕಟ್ಟಲು ಹೊರಟವನ ಕ್ರಿಯಾಪದ ಬರುವ ಹೊತ್ತಿಗೆ ಚೆಂಡು ಗೆರೆ ದಾಟಿರುತ್ತದೆ. ಅವಸರದಲ್ಲಿ ಅದನ್ನು ಹಿಡಿಯಹೋದರೆ ಮಾತು ಅಬ್ಬರವಾಗುತ್ತದೆ. ಕ್ರಿಯಾಪದವಿಲ್ಲದೆಯೂ ವಾಕ್ಯ ನಿಲ್ಲುವುದು ಕನ್ನಡದ ಜಾಯಮಾನವೇ ಆಗಿದೆ. ಒಂದು ನಾಮಪದ, ಒಂದು ತಡೆ, ಮತ್ತೊಂದು ನಾಮಪದ ಇಷ್ಟರಿಂದಲೇ ಇಲ್ಲಿ ಅರ್ಥ ತುಂಬಿ ನಿಲ್ಲಬಲ್ಲದು. ಆದುದರಿಂದ ಮಿತಭಾಷೆಯ ವಿವರಣೆಗೆ ಕನ್ನಡವು ಇಂಗ್ಲಿಷಿಗಿಂತ ಕಡಮೆ ಅನುಕೂಲವಾದುದೇನೂ ಅಲ್ಲ. ಬೆನೊ ಅವರ ವಾಕ್ಯಗಳನ್ನು ಅನುಕರಿಸುವುದರಿಂದ ನಮಗೆ ಲಾಭವಿಲ್ಲ. ಚಿತ್ರವನ್ನು ಮೊದಲು ತಾನು ನೋಡಿ, ನೋಡುವವನಿಗೂ ನೋಡಲು ಬಿಟ್ಟು, ಅಗತ್ಯವಿದ್ದಲ್ಲಿ ಮಾತ್ರ ನಮ್ಮದೇ ಮಾತನ್ನಾಡುವ ಶಿಸ್ತನ್ನು ಅವರಿಂದ ಕಲಿಯಬಹುದು. ಅದು ಕ್ರೀಡಾಂಗಣದಲ್ಲಿರುವವನಿಗೆ ಎಷ್ಟು ಬೇಕೋ, ತರಗತಿಯಲ್ಲಿ ಕಾವ್ಯವನ್ನು ಮುಂದಿಟ್ಟುಕೊಂಡು ನಿಂತವನಿಗೂ ಅಷ್ಟೇ ಬೇಕೆಂದು ನಾವು ಭಾವಿಸುತ್ತೇವೆ.