ಶನಿವಾರದ ಫೈನಲ್

ಬೆಂಗಳೂರು ಓಪನ್ ಟೆನಿಸ್ ಟೂರ್ನಿಯ ಬಹುಮಾನದ ಮೊತ್ತ ವರ್ಷದಿಂದ ವರ್ಷಕ್ಕೆ ಹೇಗೆ ಬೆಳೆಯಿತು ಎಂಬುದನ್ನು ಈ ವಾರ ಬರೆಯುವುದಾಗಿ ಹೇಳಿದ್ದೆ. ಲೆಕ್ಕ ತೆಗೆಯಲು ಕೂತಾಗ ಸಿಂಗಲ್ಸ್ ಮತ್ತು ಡಬಲ್ಸ್ ವಿಜೇತರ ಪಟ್ಟಿಗಳು ಅಕ್ಕಪಕ್ಕ ಬಿದ್ದವು. ಡಾಲರಿನ ಮಾತು ಅಲ್ಲಿಗೇ ನಿಂತಿತು.

ಮೊದಲನೆಯ ಪಟ್ಟಿ ಎಲ್ಲರಿಗೂ ಗೊತ್ತಿರುವಂಥದ್ದು. 2017ರಲ್ಲಿ ಜೇ ಕ್ಲಾರ್ಕ್ ವಿರುದ್ಧ ಸುಮಿತ್ ನಗಾಲ್ ಗೆದ್ದರು. 2018ರಲ್ಲಿ ಸಾಕೇತ್ ಮೈನೇನಿಯನ್ನು 6-2, 6-2ರಿಂದ ಮಣಿಸಿ ಪ್ರಜ್ಞೇಶ್ ಗುಣೇಶ್ವರನ್ ಗೆದ್ದರು. ಅಲ್ಲಿಗೆ ನಮ್ಮವರ ಹೆಸರು ಮುಗಿಯಿತು. 2020ರಲ್ಲಿ ಜೇಮ್ಸ್ ಡಕ್‌ವರ್ತ್, 2022ರ ಎರಡು ಟೂರ್ನಿಗಳಲ್ಲಿ ತೈವಾನಿನ ತ್ಸೆಂಗ್ ಮತ್ತು ಆಸ್ಟ್ರೇಲಿಯಾದ ವುಕಿಚ್, ಆಮೇಲೆ ಮ್ಯಾಕ್ಸ್ ಪರ್ಸೆಲ್, ನಾಪೊಲಿಟಾನೊ, 2025ರಲ್ಲಿ ಬ್ರಾಂಡನ್ ಹೋಲ್ಟ್. ಈ ಅವಧಿಯಲ್ಲಿ ಗೆಲ್ಲುವುದಿರಲಿ, ಫೈನಲ್‌ನಲ್ಲೂ ನಮ್ಮವರು ಒಬ್ಬರಿಲ್ಲ.

ಈಗ ಎರಡನೆಯ ಪಟ್ಟಿ ಓದಿ. 2017ರಲ್ಲಿ ದಿವಿಜ್ ಶರಣ್, ಜೊತೆಗೆ ರಷ್ಯಾದ ಎಲ್ಗಿನ್. 2020ರಲ್ಲಿ ಪುರವ್ ರಾಜಾ ಮತ್ತು ರಾಮಕುಮಾರ್ ರಾಮನಾಥನ್. 2022ರ ಮೊದಲ ವಾರ ಸಾಕೇತ್ ಮತ್ತು ರಾಮಕುಮಾರ್. ಮರುವಾರ ಇದೇ ಜೋಡಿಯನ್ನು ಸೋಲಿಸಿದ್ದು ಪುಣೆಯ ಅರ್ಜುನ್ ಕಾಢೆ ಮತ್ತು ಆಸ್ಟ್ರಿಯಾದ ಎರ್ಲರ್. 2024ರಲ್ಲಿ ಮತ್ತೆ ಸಾಕೇತ್, ರಾಮಕುಮಾರ್. 2025ರಲ್ಲಿ ಅನಿರುದ್ಧ್ ಚಂದ್ರಶೇಖರ್, ತೈವಾನಿನ ರೇ ಹೋ ಜೊತೆ. 2018 ಮತ್ತು 2023ರಲ್ಲಿ ಕಪ್ ಹೊರಗಿನವರ ಪಾಲಾಯಿತು, ಆದರೆ ಸೋತ ಜೋಡಿಯಲ್ಲಿ ನಮ್ಮವರಿದ್ದರು. 2017ರಿಂದ 2025ರವರೆಗೆ ಭಾರತೀಯರಿಲ್ಲದ ಡಬಲ್ಸ್ ಫೈನಲ್ ಈ ಟೂರ್ನಿಯಲ್ಲಿ ನಡೆದೇ ಇಲ್ಲ.

ಇಷ್ಟಾದರೂ ಪತ್ರಿಕೆಗಳಲ್ಲಿ ಡಬಲ್ಸ್ ಸಿಗುವುದು ಸಿಂಗಲ್ಸ್ ವರದಿಯ ಕೊನೆಯ ಎರಡು ಸಾಲಿನಲ್ಲಿ. ಶನಿವಾರ ಆಡಿ ಮುಗಿಸುವ ಆ ಫೈನಲ್ಲಿಗೆ ಭಾನುವಾರದ ಜನದಲ್ಲಿ ಅರ್ಧವೂ ಬರುವುದಿಲ್ಲ. ಸಿಂಗಲ್ಸ್‌ನಲ್ಲಿ ನಡೆಯದವರು, ವಯಸ್ಸಾದವರು ಆಡುವ ಆಟ ಎಂದು ಹೇಳುವ ಪಂಥವೊಂದು ನಮ್ಮಲ್ಲಿ ಗಟ್ಟಿಯಾಗಿದೆ. ಆ ಪಂಥದೊಡನೆ ನನ್ನದು ಹಳೆಯ ಜಗಳ. ಬೇಸ್‌ಲೈನ್ ಬಿಟ್ಟು ಕದಲದ ಹುಡುಗರನ್ನು ಅಚ್ಚು ಹೊಯ್ದಂತೆ ತಯಾರಿಸುತ್ತಿರುವವರೂ ಅವರೇ. ಕೊಡಗಿನ ರೋಹನ್ ಬೋಪಣ್ಣ ಸಿಂಗಲ್ಸ್‌ನಲ್ಲಿ ಮೊದಲ ಇನ್ನೂರರೊಳಗೆ ಎಂದೂ ಬಂದವರಲ್ಲ. ಡಬಲ್ಸ್‌ನಲ್ಲಿ 43ನೇ ವಯಸ್ಸಿಗೆ ಲೋಕಕ್ಕೇ ಮೊದಲಿಗರಾದರು. ಹಾಗಾದರೆ ಅದು ಬೇರೆಯದೇ ವಿದ್ಯೆ ಎಂದಾಯಿತಲ್ಲ? ನಮ್ಮ ಕಾಗವಾಡ, ಅಥಣಿ ಕಡೆ ಗಾಡಿ ಶರ್ಯತ್ತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಎತ್ತು ಎಷ್ಟೇ ಜೋರಿರಲಿ, ಹೆಜ್ಜೆ ಕೂಡದ ಜೋಡಿ ಗೆಲ್ಲುವುದಿಲ್ಲ.

ಈ ಟೂರ್ನಿ ನಡೆಯುವ ಕಬ್ಬನ್ ಪಾರ್ಕಿನ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ (ಕೆಎಸ್‌ಎಲ್‌ಟಿಎ) ಅಂಗಳದ ಅತಿ ದೊಡ್ಡ ಪಂದ್ಯ ಯಾವುದು ಎಂದು ಕೇಳಿದರೆ ಬಹಳ ಮಂದಿ 2008ರ ಮಹಿಳಾ ಟೂರ್ನಿಯನ್ನು ನೆನೆಯುತ್ತಾರೆ. ಸೆಮಿಫೈನಲ್‌ನಲ್ಲಿ ಅಕ್ಕ ವೀನಸ್‌ಳನ್ನು ಮೂರನೇ ಸೆಟ್ಟಿನ ಟೈಬ್ರೇಕರ್‌ನಲ್ಲಿ ಸೋಲಿಸಿದ ಸೆರೆನಾ, ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್‌ಳನ್ನು ಗೆದ್ದ ವರ್ಷ ಅದು. ದೊಡ್ಡದೇ, ಅಲ್ಲವೆನ್ನುವುದಿಲ್ಲ. ಆದರೆ ನನ್ನ ಉತ್ತರ 2014ರ ಸೆಪ್ಟೆಂಬರ್ 13, ಡೇವಿಸ್ ಕಪ್‌ನ ಶನಿವಾರ. ಜೊಕೊವಿಚ್ ಇಲ್ಲದೆಯೇ ಬಂದಿದ್ದ ಸರ್ಬಿಯಾ ಶುಕ್ರವಾರದ ಎರಡೂ ಸಿಂಗಲ್ಸ್ ಗೆದ್ದಿತ್ತು. ಐದು ಪಂದ್ಯಗಳ ಹೋರಾಟದಲ್ಲಿ ಡಬಲ್ಸ್ ಸೋತರೆ ಭಾರತದ ಕಥೆ ಅಲ್ಲಿಗೇ ಮುಗಿಯುತ್ತಿತ್ತು. 41ರ ಲಿಯಾಂಡರ್ ಪೇಸ್, ಬೋಪಣ್ಣ ಒಂದು ಕಡೆ. ಝಿಮೊನಿಚ್, ಬೊಜೊಲ್ಯಾಕ್ ಇನ್ನೊಂದು ಕಡೆ. ಮೊದಲ ಸೆಟ್ 1-6. ಎರಡನೆಯದು ಟೈಬ್ರೇಕರ್‌ನಲ್ಲಿ ಹೋಯಿತು. ಅಲ್ಲಿಂದ 6-3, 6-3, ಕೊನೆಗೆ ಐದನೆಯದು 8-6. ಮರುದಿನ ಸೋಮದೇವ್ ದೇವವರ್ಮನ್ ಐದು ಸೆಟ್ ಆಡಿ ಲಾಯೊವಿಚ್‌ನನ್ನು ಸೋಲಿಸಿ 2-2 ಮಾಡಿದರು. ಕೊನೆಯ ಪಂದ್ಯ ಮಳೆಯಿಂದಾಗಿ ಸೋಮವಾರಕ್ಕೆ ಹೋಗಿ ಭಾರತ ಸೋತಿತು. ಸೋತ ಹೋರಾಟದ ಒಳಗೆ ಅಷ್ಟು ದೊಡ್ಡ ಗೆಲುವು ಅಡಗಿ ಕೂತಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪೇಸ್ ಆಮೇಲೂ ಇಲ್ಲಿಗೆ ಬಂದರು. 2017ರ ಏಪ್ರಿಲ್‌ನಲ್ಲಿ ಉಜ್ಬೇಕಿಸ್ತಾನದ ವಿರುದ್ಧದ ಡೇವಿಸ್ ಕಪ್‌ನಲ್ಲಿ ನಾಯಕ ಮಹೇಶ್ ಭೂಪತಿ, ಪೇಸ್ ಅವರನ್ನು ಹೊರಗಿಟ್ಟು ಬೋಪಣ್ಣ, ಶ್ರೀರಾಮ್ ಬಾಲಾಜಿಯನ್ನು ಇಳಿಸಿದರು. ಆ ಜೋಡಿ ಮೂರು ನೇರ ಸೆಟ್‌ಗಳಲ್ಲಿ ಗೆದ್ದಿತು, ಆಯ್ಕೆ ಸರಿಯೇ ಇತ್ತು. ಪೇಸ್ ಕಡೆಯವರು ಇವತ್ತಿಗೂ ಇದನ್ನು ಒಪ್ಪುವುದಿಲ್ಲ. 2020ರ ಫೆಬ್ರುವರಿಯಲ್ಲಿ ತವರಿನ ಕೊನೆಯ ಟೂರ್ನಿ ಎಂದು ಸಾರಿ ಬೆಂಗಳೂರು ಓಪನ್‌ಗೆ ಬಂದ ಪೇಸ್ ಫೈನಲ್‌ವರೆಗೂ ನಡೆದರು. ಪುರವ್ ಮತ್ತು ರಾಮಕುಮಾರ್ 6-0, 6-3ರಿಂದ ಗೆದ್ದರು. ಹಿರಿಯರೆಂದು ಒಂದು ಗೇಮನ್ನೂ ಬಿಟ್ಟುಕೊಡದೆ ಆಡಿದ್ದೇ ಅವರು ಪೇಸ್‌ಗೆ ಕೊಟ್ಟ ಮರ್ಯಾದೆ.

ಅವತ್ತು ಪೇಸ್ ಪಕ್ಕದಲ್ಲಿದ್ದವರು ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್. ಇಲ್ಲಿ 2018ರಲ್ಲಿ ಲ್ಯೂಕ್ ಸೆವಿಲ್ ಜೊತೆ ಡಬಲ್ಸ್ ಗೆದ್ದಿದ್ದ ಪರ್ಸೆಲ್ ಮತ್ತು ಇದೇ ಎಬ್ಡೆನ್ ಕೂಡಿ 2022ರ ವಿಂಬಲ್ಡನ್ ಗೆದ್ದರು. 2024ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಬೋಪಣ್ಣ ಮೊದಲ ಪುರುಷರ ಡಬಲ್ಸ್ ಗ್ರ್ಯಾಂಡ್‌ಸ್ಲಾಮ್ ಎತ್ತಿದಾಗಲೂ ಜೊತೆಗಾರ ಎಬ್ಡೆನ್. ಸಿಂಗಲ್ಸ್ ಪಟ್ಟಿಯನ್ನು ಮಾತ್ರ ಓದುವವರಿಗೆ ಕಬ್ಬನ್ ಪಾರ್ಕಿನಿಂದ ವಿಂಬಲ್ಡನ್‌ಗೆ, ಮೆಲ್ಬರ್ನ್‌ಗೆ ಹೋದ ಈ ದಾರಿ ಕಾಣುವುದೇ ಇಲ್ಲ.

ಆಟ ನಡೆಸುವವರ ಮೇಲೂ ನನ್ನದೊಂದು ದೂರಿದೆ. 2006ರಿಂದ ಎಟಿಪಿ ಡಬಲ್ಸ್‌ನಲ್ಲಿ ಡ್ಯೂಸ್ ಆದರೆ ಒಂದೇ ಪಾಯಿಂಟಿಗೆ ಗೇಮ್ ಮುಗಿಯುತ್ತದೆ, ಮೂರನೇ ಸೆಟ್ ಬದಲು ಹತ್ತು ಪಾಯಿಂಟಿನ ಟೈಬ್ರೇಕರ್. ಡೇವಿಸ್ ಕಪ್ಪೂ ಮೂರು ಸೆಟ್ಟಿಗೆ ಇಳಿಯಿತು. ಎರಡು ಸೆಟ್ ಸೋತು 8-6ರಲ್ಲಿ ಗೆಲ್ಲುವಂಥ ಸಂಜೆಗೆ ಈಗ ನಿಯಮದಲ್ಲೇ ಜಾಗವಿಲ್ಲ. ಸಮಯ ಉಳಿಸಿದರು, ಆಟ ಮೊಟಕಾಯಿತು.

ಶೇಡಬಾಳದ ಕಡೆಯ ಓದುಗರಿಗೆ ಬೆಂಗಳೂರು ದೂರ, ಒಂದಿಡೀ ರಾತ್ರಿಯ ರೈಲು. ಧಾರವಾಡ ಹತ್ತಿರ. 2023ರಲ್ಲಿ ಅಲ್ಲಿಯ ರಾಜಾಧ್ಯಕ್ಷ ಪೆವಿಲಿಯನ್‌ನಲ್ಲಿ ಐಟಿಎಫ್ ಟೂರ್ನಿ ನಡೆಯಿತು. ಅದೇ ವರ್ಷ ಕಲಬುರಗಿಯಲ್ಲೂ ಒಂದು. ಇಂಥ ಟೂರ್ನಿಗೆ ಹೋದರೆ ಡಬಲ್ಸ್ ನಡೆಯುವ ಪಕ್ಕದ ಕೋರ್ಟಿನ ಹತ್ತಿರ ನಿಲ್ಲಿ. ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ, ಸರ್ವ್ ಮಾಡುವವನ ಜೊತೆಗಾರನನ್ನು ನೋಡಿ. ನೆಟ್ ಬಳಿ ಬೆನ್ನ ಹಿಂದೆ ಬೆರಳು ಮಡಚಿ ಅವನು ಏನೋ ಹೇಳುತ್ತಾನೆ. ಒಮ್ಮೊಮ್ಮೆ ನಡುಗೆರೆಯ ಮೇಲೇ ಕುಕ್ಕರಗಾಲಲ್ಲಿ ಕೂತು, ಎಡಕ್ಕೋ ಬಲಕ್ಕೋ ಎಂದು ಎದುರಾಳಿಗೆ ಗೊತ್ತಾಗದಂತೆ ಕಾಯುತ್ತಾನೆ. ಹೊಡೆತಕ್ಕಿಂತ ಮೊದಲೇ ಅವನು ಹೊರಟರೆ, ಅವನು ಬಿಟ್ಟ ಜಾಗಕ್ಕೆ ಸರ್ವ್ ಮಾಡಿದವನು ಅದೇ ಕ್ಷಣ ಓಡಿರಬೇಕು. ಇಬ್ಬರ ನಡುವೆ ಬಂದ ಚೆಂಡನ್ನು ಯಾರು ತೆಗೆದುಕೊಂಡರು, ಯಾರು ಬಿಟ್ಟರು ಎಂಬುದನ್ನು ನಾಲ್ಕು ಗೇಮ್ ಗಮನಿಸಿದರೆ ಯಾವ ಜೋಡಿ ಗೆಲ್ಲುತ್ತದೆಂದು ನೀವೇ ಹೇಳಬಲ್ಲಿರಿ.